ಗೋಡೆ ಇಲ್ಲದ ಬಾಗಿಲು

ಹುಡುಗಿಯೊಬ್ಬಳು ಹೊಸ್ತಿಲು ದಾಟುವುದನ್ನು ಒಮ್ಮೆ ನೋಡಿದರೆ ಸಾಕು, ಅವಳು ಯಾವ ಮನೆಯ ಸೊಸೆಯಾಗುತ್ತಾಳೆ ಅಂತ ನಾನು ಹೇಳಿಬಿಡುತ್ತೇನೆ. ಮಾಕಳಿಯಿಂದ ಮಾರತ್ತಹಳ್ಳಿಯವರೆಗೆ ಹೀಗೆ ಹೇಳಿದ ಸಾವಿರ ಲಗ್ನಗಳಲ್ಲಿ ಒಂದೂ ತಪ್ಪಿಲ್ಲ!

ಸರಿ, ಸರಿ... ಹಾಗೆ ಕಣ್ಣು ಬಿಡಬೇಡಿ. ಅರ್ಧ ಸುಳ್ಳು. ಸಾವಿರ ಅಲ್ಲ. ಅದರಲ್ಲೂ ಕೆಲವನ್ನು ಲಗ್ನ ಆದಮೇಲೆ ಹೇಳಿದ್ದು. ಆದರೆ ನೀಲಾಂಬಿಕಾಳ ಕಥೆಯಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಒಂದೆರಡು ಕಡೆ ಒಗ್ಗರಣೆ ಜಾಸ್ತಿ ಬಿದ್ದಿದ್ದರೆ ಅದನ್ನು ಸುಳ್ಳು ಅನ್ನಬಾರದು.

ಕೇಳಿ.

"ಏ! ಮುಟ್ಟಬ್ಯಾಡ್ರಿ ಅದನ್ನ!"

ಆ ಕೂಗಿಗೆ ತುಮಕೂರು ರಸ್ತೆಯ ಲಾರಿಗಳೆಲ್ಲ ಒಂದು ಗಳಿಗೆ ಹಾರನ್ ಹೊಡೆಯುವುದನ್ನು ಮರೆತವು. ನೀಲಿ ಟಾರ್ಪಾಲಿನ ಅಂಚು ಹಿಡಿದಿದ್ದ ನೀಲಾಂಬಿಕಾಳ ಕೈ ಹಾಗೇ ನಿಂತುಬಿಟ್ಟಿತು.

ತಿರುಗಿ ನೋಡಿದಳು. ಮರ ಕೊಯ್ಯುವ ಮೆಷಿನ್ ಹಿಂದಿನಿಂದ ಒಬ್ಬ ದಾಪುಗಾಲಿಟ್ಟು ಬರುತ್ತಿದ್ದ. ತಲೆಯ ಮೇಲೆ ಮರದ ಹೊಟ್ಟು, ಮೀಸೆಯ ಮೇಲೆ ಹೊಟ್ಟು, ಕಣ್ರೆಪ್ಪೆಯ ಮೇಲೂ ಹೊಟ್ಟು. ಆ ಹೊಟ್ಟಿನ ನಡುವೆ ಎರಡು ಕಣ್ಣು ಮಾತ್ರ ಕೆಂಡ!

'ಅಯ್ಯಪ್ಪಾ... ಇವನೇನು ನನ್ನನ್ನೂ ಕೊಯ್ದುಬಿಡ್ತಾನಾ?'

"ಸಾರಿ ಅಣ್ಣಾ... ಇಲ್ಲಿ ಹಳೇ ಮರದ ಸಾಮಾನು ಸಿಗುತ್ತೆ ಅಂದ್ರು. ಮದುವೆ ಡೆಕೊರೇಷನ್‌ಗೆ ಬೇಕಿತ್ತು."

'ಅಣ್ಣಾ' ಎಂದದ್ದಕ್ಕೋ ಏನೋ, ಅವನ ಮುಖ ಇನ್ನಷ್ಟು ಗಂಟಾಯಿತು. "ಲಗ್ನಕ್ಕ ಹಳೇ ಸಾಮಾನ?"

"ಹ್ಞೂಂ. ಎಷ್ಟು ಹಳೇದಾದ್ರೆ ಅಷ್ಟು ಒಳ್ಳೇದು. ಬಣ್ಣ ಹೋಗಿರ್ಬೇಕು, ತುಕ್ಕು ಹಿಡಿದಿರ್ಬೇಕು, ಬಿರುಕು ಬಿಟ್ಟಿರ್ಬೇಕು..."

"ಹಂಗಾದ್ರ ಈ ಶೆಡ್ಡಿನಾಗ ನಾನೊಬ್ಬನ ಹೊಸಾಂವ. ಉಳಿದದ್ದೆಲ್ಲ ನಿಮ್ಮದ, ತಗೊಂಡು ಹೋಗ್ರಿ!"

ಮಾಕಳಿಯ ಆ ಮರದ ಶೆಡ್ಡು ನಡೆಸುವ ಅವನ ಹೆಸರು ಸಂಗಣ್ಣ. ಬಾಗಲಕೋಟೆ ಕಡೆಯವನು. ಪೀಣ್ಯದ ಕಾರ್ಖಾನೆಗಳ ಯಂತ್ರಗಳನ್ನು ಊರೂರಿಗೆ ಕಳಿಸಲು ಮರದ ಪೆಟ್ಟಿಗೆ, ಪ್ಯಾಲೆಟ್ಟು ಮಾಡಿಕೊಡುವುದು ಅವನ ಕೆಲಸ. ನೆಲಮಂಗಲದ ಸುತ್ತ ಟ್ರ್ಯಾಕ್ಟರ್ ಬಂದಮೇಲೆ ಮೂಲೆಗೆ ಬಿದ್ದ ಎತ್ತಿನ ಚಕ್ಕಡಿ, ನೊಗ, ಮರದ ಸಂದೂಕಗಳನ್ನೂ ಹಲಗೆಗೆಂದು ಕೊಂಡು ತರುತ್ತಿದ್ದ. ತಂದದ್ದನ್ನು ಒಡೆಯಲು ಮನಸ್ಸು ಬರದೆ ಹಾಗೇ ಒರಗಿಸಿಡುತ್ತಿದ್ದ.

ನೀಲಾ ಮಾರತ್ತಹಳ್ಳಿಯ ಪಿಜಿಯಲ್ಲಿದ್ದು, ಅಲ್ಲೇ ಒಂದು ಡೆಕೊರೇಷನ್ ಕಂಪನಿಯಲ್ಲಿ ಕೆಲಸ ಮಾಡುವ ದಾವಣಗೆರೆ ಹುಡುಗಿ. ಅದುವರೆಗೆ ಅವಳ ಕೆಲಸ ಹುಟ್ಟುಹಬ್ಬಗಳಿಗೆ ಬಲೂನು ಊದಿಸುವುದು. ಈ ಸಲ ಮಾತ್ರ ಅವಳ ಯಜಮಾನತಿ ಶಿವಾನಿ ಮೇಡಂ ಒಂದು ಇಡೀ ಮದುವೆಯನ್ನೇ ಅವಳ ಕೈಗಿಟ್ಟಿದ್ದರು.

"ವೈಟ್‌ಫೀಲ್ಡ್ ಮದುವೆ ನಿನ್ನದು ನೀಲಾ. ಚೆನ್ನಾಗಾದ್ರೆ ಇನ್ಮೇಲೆ ಮದುವೆಗಳೆಲ್ಲ ನಿಂದೇ. ಕೆಡಿಸಿದ್ಯೋ... ವಾಪಸ್ ಬಲೂನು!"

ಮದುಮಗಳು ಸಾಫ್ಟ್‌ವೇರಿನವಳು. ಅವಳಿಗೆ ಹಳೇ ಕಾಲದ ಹಳ್ಳಿಯ ಹಾಗೆ ಎಲ್ಲವೂ ಬೇಕು. ನೀಲಾ ಫೋನು ತೆಗೆದು ಸಂಗಣ್ಣನಿಗೆ ಫೋಟೊ ತೋರಿಸಿದಳು. ಚಕ್ಕಡಿ ಗಾಲಿಗೆ ಸುತ್ತಿದ ಬಿಳಿ ಹೂ. ಗೋಣಿತಾಟು ಹಾಸಿದ ಮೇಜು. ಮರದ ಕೊಂಬೆಗೆ ಲಾಟೀನು. ಕೊನೆಯ ಫೋಟೊದಲ್ಲಿ, ಬಟಾಬಯಲಿನ ನಡುವೆ ಎರಡು ಕದದ ಒಂದು ಹಳೇ ಬಾಗಿಲು ಒಂಟಿಯಾಗಿ ನಿಂತಿತ್ತು.

ಸಂಗಣ್ಣ ಫೋನಿನ ಹತ್ತಿರ ಬಗ್ಗಿದ. "ಇದೇನ್ರಿ? ಗ್ವಾಡಿನ ಇಲ್ಲ, ಬಾಗಲಾ ಯಾಕ?"

"ಮದುಮಗಳು ಅದ್ರೊಳಗಿಂದ ಬರ್ತಾಳೆ."

"ಬಾಜೂಕ ಅಷ್ಟು ದೊಡ್ಡ ಬಯಲೈತಿ. ಸುತ್ತಿ ಬಂದ್ರಾತು!"

ನೀಲಾ ತಾನೂ ಫೋಟೊವನ್ನು ಮತ್ತೊಮ್ಮೆ ನೋಡಿದಳು. ಹೌದಲ್ಲ... ಯಾಕೆ ಬೇಕು?

"ಅದೆಲ್ಲ ನನಗ್ಗೊತ್ತಿಲ್ಲ. ಇಂಥ ಬಾಗಿಲು ನಿಮ್ಮತ್ರ ಇದ್ಯಾ?"

ಅವನ ಕಣ್ಣು ಗಕ್ಕನೆ ಆ ನೀಲಿ ಟಾರ್ಪಾಲಿನ ಕಡೆ ಓಡಿ, ಅಷ್ಟೇ ಬೇಗ ವಾಪಸ್ ಬಂತು.

"ಇಲ್ಲ."

ಅಯ್ಯೋ, ಆ ಒಂದು 'ಇಲ್ಲ'! ನಮ್ಮ ಹುಡುಗಿಯ ಎದೆಯೊಳಗೆ ಕುತೂಹಲದ ಹುಳ ಬಿಟ್ಟದ್ದೇ ಅದು. ಅವತ್ತು ಪಿಜಿಗೆ ಹೋಗಿ ಅನ್ನ ಕಲಸಿದಳು, ತಿನ್ನಲಿಲ್ಲ. 'ಅದರ ಕೆಳಗೆ ಏನಿದೆ? ಯಾಕೆ ಮುಟ್ಟಬಾರದು? ಮುಟ್ಟಿದರೆ ಅವನಿಗೆ ಅಷ್ಟು ನೋವು ಯಾಕೆ?'

ನೋವು! ಅಷ್ಟು ಬೈದವನ ಮುಖದಲ್ಲಿ ಸಿಟ್ಟು ಬಿಟ್ಟು ನೋವು ಕಂಡಿದ್ದಳಲ್ಲ, ಅಲ್ಲಿಗೇ ಅರ್ಧ ಕಥೆ ಮುಗಿಯಿತು ಅಂತಿಟ್ಟುಕೊಳ್ಳಿ. ಅವಳಿಗೆ ಮಾತ್ರ ಅದು ಗೊತ್ತಿರಲಿಲ್ಲ.

ಆಮೇಲೆ ನೀಲಾ ಮಾಕಳಿಗೆ ಬರುವುದಕ್ಕೆ ನೆಪ ಹುಡುಕತೊಡಗಿದಳು. ಒಂದು ದಿನ ಗಾಲಿಯ ಅಳತೆ. ಇನ್ನೊಂದು ದಿನ ಅದೇ ಗಾಲಿಯ ಅದೇ ಅಳತೆ! ಬೆಂಗಳೂರಿನ ಆ ತುದಿಯಿಂದ ಈ ತುದಿಗೆ ಮೂರು ಬಸ್ಸು ಬದಲಿಸಿ ಬರುವಷ್ಟರಲ್ಲಿ ಗಾಲಿ ಬೆಳೆದುಬಿಡುತ್ತದೆಯೇ?

ಹೊಸ ಮರಕ್ಕೆ ಬೆಂಕಿ ತಾಗಿಸಿ, ತಂತಿ ಬ್ರಷ್ಷಿನಿಂದ ತಿಕ್ಕಿ, ಚಹಾದ ಡಿಕಾಕ್ಷನ್ ಬಳಿದು ಹಳೇ ಮರ ಮಾಡುವುದನ್ನು ಅವಳು ಅವನಿಗೆ ತೋರಿಸಿದಳು. ಮದುಮಕ್ಕಳ ಹೆಸರಿನ ಹಲಗೆ ಇಬ್ಬರೂ ಕೂಡಿಯೇ ಮಾಡಿದರು.

"ಚಹಾ ಕುಡಿಯೂದು ಬಿಟ್ಟು ಮರಕ್ಕ ಕುಡಿಸಾಕತ್ತೀರಲ್ರಿ!"

"ನಿಮಗೂ ಒಂದು ಲೋಟ ಕೊಡ್ತೀನಿ ಬಿಡಿ. ಆದ್ರೆ ಒಂದು ಮಾತು ಹೇಳ್ಬೇಕು. ಆ ಟಾರ್ಪಾಲ್ ಕೆಳಗೆ ಏನಿದೆ?"

"ಏನೂ ಇಲ್ರಿ."

"ಬೈಕಾ?"

"ಅಲ್ಲ."

"ದೇವರಾ?"

"ಅಲ್ರಿ!"

"ಹಾಗಾದ್ರೆ ನಿಮ್ಮ ಮೊದಲನೇ ಹೆಂಡತಿ!"

ಅವನು ನಕ್ಕ. ಹೊಟ್ಟೆಲ್ಲ ಉದುರುವ ಹಾಗೆ ನಕ್ಕ. "ಮೊದಲನೇಕಿನ ಇನ್ನೂ ಬಂದಿಲ್ಲ ಮೇಡಂ..." ಅಂದವನು, ತಾನು ಅಂದದ್ದು ತನಗೇ ಕೇಳಿಸಿ, ಮುಖ ತಿರುಗಿಸಿ ಮೊಳೆ ಹೊಡೆಯತೊಡಗಿದ. ಹಲಗೆಗೆ ಹೊಡೆಯಬೇಕಾದ ಮೊಳೆಯನ್ನು ಬೆಂಚಿಗೆ ಹೊಡೆದ!

ಅವತ್ತಿನಿಂದ ಅವಳು 'ಅಣ್ಣಾ' ಅನ್ನುವುದನ್ನು ಬಿಟ್ಟಳು. ಬೇರೆ ಏನು ಕರೆಯಬೇಕೋ ತಿಳಿಯದೆ "ರೀ... ಇಲ್ಲಿ ಬನ್ನಿ" ಎನ್ನತೊಡಗಿದಳು.

ಇದನ್ನೆಲ್ಲ ಶೆಡ್ಡಿನ ಮೂಲೆಯಲ್ಲಿ ರೊಟ್ಟಿ ಬಡಿಯುತ್ತಾ ನೋಡುತ್ತಿದ್ದವಳು ಸಂಗಣ್ಣನ ತಾಯಿ ಹೊಳೆವ್ವ. ಗಂಡ ಹೋಗಿ ವರ್ಷಗಳಾಗಿದ್ದವು. ಶೆಡ್ಡಿನ ಪಕ್ಕದ ಬಾಡಿಗೆ ಕೋಣೆಯಲ್ಲಿ ತಾಯಿ ಮಗ ಇಬ್ಬರೇ. ಬೇಯುವ ರೊಟ್ಟಿಯ ಮೇಲೆ ಒಂದು ಕಣ್ಣು, ಈ ಇಬ್ಬರ ಮೇಲೆ ಇನ್ನೊಂದು ಕಣ್ಣು. ಆ ದಿನಗಳಲ್ಲಿ ಹೊಳೆವ್ವನ ರೊಟ್ಟಿ ಒಂದೂ ಸೀಯದೆ ಉಳಿಯಲಿಲ್ಲ.

"ತಿನ್ನವ್ವಾ ನೀಲವ್ವ, ಕರಕಾದ್ರೂ ರೊಟ್ಟಿ ರೊಟ್ಟಿನ. ನಿಮ್ಮ ಮದುಮಗಳಿಗೆ ಹಳೇದು, ಸುಟ್ಟದ್ದು, ಬಿರುಕು ಬಿಟ್ಟದ್ದು ಬೇಕಂತಲ್ಲ? ಇದನ್ನೂ ಒಂದು ತೂಗು ಹಾಕು ಲಗ್ನದಾಗ!"

ನೀಲಾ ನಗುತ್ತಲೇ ತಿಂದಳು. 'ಇಲ್ಲಿ ಕೂತರೆ ಎದ್ದು ಹೋಗಬೇಕು ಅನ್ನಿಸೋದೇ ಇಲ್ಲವಲ್ಲ...'

ಬಾಗಿಲು ಮಾತ್ರ ಎಲ್ಲೂ ಸಿಗಲಿಲ್ಲ. ಕೊನೆಗೆ ಹೂವಿನ ಕಮಾನು ಮಾಡಿದರಾಯಿತೆಂದು ಮದುಮಗಳನ್ನು ಒಪ್ಪಿಸಿದಳು.

ಮದುವೆಗೆ ಮುಂಚಿನ ದಿನ ಬೆಳಗ್ಗೆ ಸಾಮಾನು ತುಂಬಲು ಶೆಡ್ಡಿಗೆ ಬಂದ ನೀಲಾ ಗೇಟಿನಲ್ಲೇ ನಿಂತುಬಿಟ್ಟಳು.

ಗಾಲಿಗಳು ಹೊಳೆಯುತ್ತಿದ್ದವು.

ಅರಿಶಿನದ ಹಳದಿ, ಕುಂಕುಮದ ಕೆಂಪು. ಗಾಲಿಯೊಳಗಿನ ಮರದ ಅರೆಕಡ್ಡಿಗಳಿಗೆಲ್ಲ ಆಯಿಲ್ ಪೇಂಟು! ಸಂದೂಕಕ್ಕೆ ಹಸಿರು, ಅದರ ಮೇಲೆ ಬಿಳಿ ಚುಕ್ಕಿ! ತುಕ್ಕು ಹಿಡಿದ ಲಾಟೀನುಗಳನ್ನು ಬೂದಿ ಹಾಕಿ ತಿಕ್ಕಿದ್ದರು, ಮುಖ ನೋಡಿಕೊಳ್ಳಬಹುದಿತ್ತು. ಗಣರಾಜ್ಯೋತ್ಸವದ ಮೆರವಣಿಗೆಗೆ ಹೊರಟ ಹಾಗಿತ್ತು ಇಡೀ ಶೆಡ್ಡು!

"ಇದು... ಇದ್ಯಾರು ಮಾಡಿದ್ದು?"

ಸಂಗಣ್ಣ ತಲೆ ತಗ್ಗಿಸಿ ನಿಂತಿದ್ದ. "ನಾನ ಹಚ್ಚೀನ್ರಿ."

"ನೀವಾ?" ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಎಷ್ಟು ಸಲ ಹೇಳಿದ್ದೆ! ಮೊದಲ ದಿನದಿಂದ ನಿಮಗೆ ನನ್ನ ಕೆಲಸ ಅಂದ್ರೆ ತಮಾಷೆ, ಅಲ್ವಾ? ಹಳೇ ಸಾಮಾನು ಹುಡುಕ್ಕೊಂಡು ಬರೋ ಹುಚ್ಚಿ... ಆಡಿಸಿ ನೋಡೋಣ ಅಂತ!"

"ಹಂಗಲ್ರಿ..."

"ನಾಳೆ ಮದುವೆ ಕಣ್ರೀ! ನನ್ನ ಕೈಗೆ ಸಿಕ್ಕಿದ ಮೊದಲ ಮದುವೆ. ನೀವು ಅರ್ಥ ಮಾಡ್ಕೊಂಡಿದ್ದೀರಿ ಅಂದ್ಕೊಂಡಿದ್ದೆ. ನೀವೊಬ್ಬರಾದ್ರೂ..."

ತಿರುಗಿ ಸರಸರನೆ ಹೊರಟೇಬಿಟ್ಟಳು. ಅವನು ತಡೆಯಲಿಲ್ಲ. ಅದೇ ಅವಳಿಗೆ ಇನ್ನಷ್ಟು ಚುಚ್ಚಿತು. 'ತಡೆಯೋದೂ ಇಲ್ವಾ? ಹೋಗಲಿ ಬಿಡು ಅಂತಾನಾ?'

ರಸ್ತೆಯ ತಿರುವಿನಲ್ಲಿ ಹಿಂದಿನಿಂದ ಹೊಳೆವ್ವ ಏದುಸಿರು ಬಿಡುತ್ತಾ ಬಂದಳು. ಕೈಯಲ್ಲಿ ನೀರಿನ ತಂಬಿಗೆ.

"ಬಿಸಲಾಗ ಅಳತಾ ಹೋಗಬಾರದವ್ವಾ. ಒಂದು ಗುಟುಕು ನೀರು ಕುಡಿ."

ನೀಲಾ ತಂಬಿಗೆಗೆ ಕೈ ಚಾಚಿದಳು. ಸ್ಟೀಲಿನ ಮೇಲೆ ಐದು ಬೆರಳಿನ ಹಳದಿ ಗುರುತು! ಹೊಳೆವ್ವನ ಅಂಗೈ ನೋಡಿದಳು. ಹಳದಿ. ಉಗುರ ಸಂದಿಯಲ್ಲಿ ಕೆಂಪು. ಸೀರೆಯ ನೆರಿಗೆಯ ಮೇಲೆ ಹಸಿರು.

"ಅಮ್ಮಾ... ನೀವಾ?"

ಹೊಳೆವ್ವನ ಮುಖ ಬಾಡಿತು. "ಸಂಗ್ಯಾ ನಿನ್ನೆ ಪೀಣ್ಯಕ್ಕ ಲೋಡ್ ತಗೊಂಡು ಹೋಗಿದ್ದ. ನಾ ಒಬ್ಬಾಕಿನ ಕುಂತು ನೋಡಿದೆ. ಲಗ್ನದ ಮನಿಗೆ ಬಣ್ಣಗೆಟ್ಟ ಗಾಲಿ ಹೊಂಟಾವ. ನಮ್ಮ ಕಡೆ ಮಗಳನ್ನ ಬೀಗರ ಮನಿಗೆ ಕಳಿಸಾಕ ಚಕ್ಕಡಿ ಕಟ್ಟಿದ್ರ ಗಾಲಿಗೆ ಬಣ್ಣ, ಎತ್ತಿನ ಕೋಡಿಗೆ ಬಣ್ಣ. ಯಾರ ಮಗಳಾದ್ರೇನವ್ವಾ, ಬಣಬಣ ಗಾಲಿ ಕಳಿಸಾಕ ನನ್ನ ಕೈ ಬರಲಿಲ್ಲ. ನಿನ್ನ ಮೊದಲನೇ ಲಗ್ನ ಬ್ಯಾರೆ. ಚೆಂದ ಆಗಲಿ ಅಂತ ಹಚ್ಚಿದೆ..."

"ಮತ್ತೆ ಅವರು ತಾನೇ ಬಳಿದೆ ಅಂದ್ರಲ್ಲ?"

"ನೀ ಬೈಯೂದು ಅವ್ವಗ ಬೀಳಬಾರದು ಅಂತ. ಹುಚ್ಚ! ಸಣ್ಣಾಂವ ಇದ್ದಾಗಿಂದ ಹಂಗ."

ನೀರು ಕುಡಿದಳೋ ಕಣ್ಣೀರು ಕುಡಿದಳೋ, ತಂಬಿಗೆ ಮಾತ್ರ ಖಾಲಿಯಾಯಿತು. ಹೊಳೆವ್ವನ ಬಣ್ಣದ ಕೈ ಹಿಡಿದುಕೊಂಡೇ ವಾಪಸ್ ಬಂದಳು.

ಸಂಗಣ್ಣ ಗಾಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಸೀಮೆಎಣ್ಣೆಯ ಬಟ್ಟೆಯಿಂದ ಒಂದು ಅರೆಯನ್ನು ಒರೆಸುತ್ತಿದ್ದ. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಮೇಲಿನದೆಲ್ಲ ಬಟ್ಟೆಗೆ ಬಂತು. ಬಿರುಕಿನೊಳಗೆ, ಗೆರೆಯೊಳಗೆ ಇಳಿದದ್ದು ಮಾತ್ರ ಅಲ್ಲೇ ಉಳಿಯಿತು.

"ನಿಲ್ಲಿ! ನಿಲ್ಲಿ, ಒರೆಸ್ಬೇಡಿ!" ನೀಲಾ ಓಡಿ ಬಂದು ಅವನ ಪಕ್ಕದಲ್ಲೇ ಕೂತಳು. ಮೂಗು ತಾಗುವಷ್ಟು ಬಗ್ಗಿ ನೋಡಿದಳು.

ಯಾವುದೋ ಕಾಲದಲ್ಲಿ ಯಾರೋ ಆಸೆಯಿಂದ ಬಳಿದ ಬಣ್ಣ, ಎಷ್ಟೋ ಜಾತ್ರೆ, ಎಷ್ಟೋ ಲಗ್ನ ಸುತ್ತಿ ಸವೆದು ಇಷ್ಟೇ ಉಳಿದ ಹಾಗೆ ಕಾಣುತ್ತಿತ್ತು.

"ಇದೇ... ನನಗೆ ಬೇಕಾಗಿದ್ದು ಇದೇ ಕಣ್ರೀ! ಫೋಟೊದಲ್ಲಿ ಇರೋದಕ್ಕಿಂತ ಚೆನ್ನಾಗಿದೆ!"

"ಹಚ್ಚೂದು, ಆಮ್ಯಾಲೆ ಒರಸೂದು," ಹೊಳೆವ್ವ ಹಣೆ ಬಡಿದುಕೊಂಡಳು. "ಏನ್ ಜನಾನೋ, ಏನ್ ಲಗ್ನಾನೋ!"

ಮೂವರೂ ಕೂತು ಒರೆಸಿದರು. ಒಂದು ಅರೆಯ ಮೇಲೆ ಅವನ ಕೈಯೂ ಅವಳ ಕೈಯೂ ಒಟ್ಟಿಗೆ ಬಂದವು. ಯಾರೂ ಹಿಂದಕ್ಕೆ ತೆಗೆಯಲಿಲ್ಲ.

"ಸುಳ್ಳು ಯಾಕೆ ಹೇಳಿದ್ರಿ? ನಾನು ಬಾಯಿಗೆ ಬಂದ ಹಾಗೆ ಬೈದೆ..."

"ಬೈಸ್ಕೊಳ್ಳಾಕ ನಾ ಅದೀನಲ್ರಿ."

"ಕ್ಷಮಿಸಿ."

"ಕ್ಷಮಾ ಗಿಮಾ ಬ್ಯಾಡ್ರಿ... ಅಣ್ಣಾ ಅಂತ ಮಾತ್ರ ಮತ್ತ ಕರೀಬ್ಯಾಡ್ರಿ. ಅಷ್ಟ ಸಾಕು."

ಸೀಮೆಎಣ್ಣೆಯ ವಾಸನೆಗೂ ಎದೆ ಹೀಗೆ ಹೊಡೆದುಕೊಳ್ಳುತ್ತದೆ ಎಂದು ನೀಲಾಳಿಗೆ ಅವತ್ತೇ ಗೊತ್ತಾದದ್ದು.

ಮದುವೆಯ ಬೆಳಗ್ಗೆ ವೈಟ್‌ಫೀಲ್ಡಿನ ಆ ತೋಟದ ಬಯಲು ನೋಡಬೇಕಿತ್ತು ನೀವು! ಇಂದ್ರನ ಆಸ್ಥಾನದವರು ಬಂದು ಬಾಡಿಗೆ ಎಷ್ಟೆಂದು ಕೇಳಿ ಹೋದರಂತೆ. ಗಾಲಿಗಳಿಗೆ ಸೇವಂತಿಗೆ, ಮೇಜಿಗೆ ಗೋಣಿತಾಟು, ಕೊಂಬೆಗಳಲ್ಲಿ ಹೊಳೆವ್ವ ಬೆಳಗಿದ ಲಾಟೀನು. ಶಿವಾನಿ ಮೇಡಂ ಗಾಲಿಯನ್ನು ಸವರಿ ನೋಡಿ, "ಈ ಬಣ್ಣ ಎಲ್ಲಿ ಮಾಡಿಸ್ದೆ ನೀಲಾ?" ಎಂದು ಎರಡು ಸಲ ಕೇಳಿದರು.

ಅಷ್ಟರಲ್ಲಿ ಗೇಟಿನಲ್ಲಿ ಟೆಂಪೊ ಸದ್ದಾಯಿತು. ಮುಂದಿನ ಸೀಟಿನಲ್ಲಿ ಇಳಕಲ್ ಸೀರೆಯುಟ್ಟ ಹೊಳೆವ್ವ. ಪಕ್ಕದಲ್ಲಿ ಸಂಗಣ್ಣ. ಹಿಂದೆ... ನೀಲಿ ಟಾರ್ಪಾಲು!

ನೀಲಾ ಟೆಂಪೊದ ಹತ್ತಿರ ಓಡಿದಳು. ಸಂಗಣ್ಣ ಹಗ್ಗ ಬಿಚ್ಚಿದ. ಟಾರ್ಪಾಲು ಸರಿಯಿತು.

ಬಾಗಿಲು.

ಎರಡು ಕದದ ತೇಗದ ಬಾಗಿಲು. ಚೌಕಟ್ಟಿನ ತುಂಬ ಬಳ್ಳಿ, ಗಿಳಿ, ನಡುವೆ ಲಿಂಗ. ಕೆಳಗೆ ಗೇಣಗಲದ ಹೊಸ್ತಿಲು, ತುಳಿದು ತುಳಿದು ನಡುವೆ ಸವೆದಿತ್ತು.

"ಇದೆ ಅಂತ ಯಾಕೆ ಹೇಳ್ಲಿಲ್ಲ?" ಅವಳ ದನಿ ಪಿಸುಮಾತಾಗಿತ್ತು.

"ನಮ್ಮೂರು ಹಿನ್ನೀರಿನಾಗ ಮುಳಗೇತ್ರಿ," ಸಂಗಣ್ಣ ಚೌಕಟ್ಟಿನ ಮೇಲೆ ಕೈಯಿಟ್ಟ. "ನೀರು ಬರೂ ಮೊದಲ ಎಲ್ಲಾರೂ ಮನಿ ಬಿಚ್ಚಿದ್ರು. ಅಪ್ಪ ಬ್ಯಾರೆ ಏನೂ ತರಲಿಲ್ಲ. ಈ ಬಾಗಲಾ ಒಂದ ಹೊತ್ಕೊಂಡು ಬಂದ. ಆದ್ರ ಇದನ್ನ ಹಚ್ಚಾಕ ನಮ್ಮದಂತ ಒಂದು ಗ್ವಾಡಿ ಎಲ್ಲೈತ್ರಿ?"

ನೀಲಾ ಆ ಸವೆದ ಹೊಸ್ತಿಲನ್ನು ನೋಡಿದಳು. ಎಷ್ಟು ಕಾಲುಗಳು ದಾಟಿದ್ದವೋ...

"ಮತ್ತೆ ಇವತ್ಯಾಕೆ ತಂದ್ರಿ?"

"ಅವ್ವಾನ ತಗಿ ಅಂದ್ಳು."

"ಮುಚ್ಚಿ ಇಟ್ರ ಅದು ಬಾಗಲಾ ಅಲ್ಲವ್ವಾ, ಬರೇ ಹಲಗಿ!" ಹೊಳೆವ್ವ ಟೆಂಪೊದಿಂದ ಇಳಿಯುತ್ತಾ ಅಂದಳು. ಅವಳ ಸೆರಗಿನೊಳಗೆ ಏನೋ ಗಂಟಿತ್ತು. ಏನೆಂದು ಯಾರೂ ಕೇಳಲಿಲ್ಲ. ಕೇಳಬೇಕಿತ್ತು!

ಹೂವಿನ ಕಮಾನು ಪಕ್ಕಕ್ಕೆ ಸರಿದು, ಬಯಲಿನ ನಡುವೆ ಬಾಗಿಲು ನಿಂತಿತು. ಹಿಂದೆ ಎರಡು ಆಸರೆ, ಸುತ್ತ ಬಟಾಬಯಲು. ಮದುಮಗಳ ಕಾರು ಇನ್ನೇನು ಬರುವ ಹೊತ್ತು. ನೀಲಾ ಬಾಗಿಲಿನ ಹೊರಬದಿಯಲ್ಲಿ ನಿಂತು ಕದಕ್ಕೆ ಮಲ್ಲಿಗೆ ಮಾಲೆ ಕಟ್ಟುತ್ತಿದ್ದಳು.

"ನೀಲವ್ವಾ! ಲಗೂನ ಬಾ! ಇಲ್ಲಿ ಲಾಟೀನು ಬೀಳಾಕತ್ತೈತಿ!" ಬಾಗಿಲಿನ ಒಳಬದಿಯಿಂದ ಹೊಳೆವ್ವ ಕೂಗಿದಳು.

ನೀಲಾ ಕದ ತಳ್ಳಿ ಓಡಿದಳು. ಬಲಗಾಲಿಗೆ ಏನೋ ತಾಗಿತು. ಠಣ್! ಹಿತ್ತಾಳೆಯ ಸೇರೊಂದು ಉರುಳಿ, ಅಕ್ಕಿ ಹುಲ್ಲಿನ ಮೇಲೆಲ್ಲ ಚೆಲ್ಲಿತು.

ಲಾಟೀನು ಕೊಂಬೆಯಲ್ಲಿ ಅಲ್ಲಾಡದೆ ಭದ್ರವಾಗಿತ್ತು. ಹೊಳೆವ್ವ ಸೊಂಟದ ಮೇಲೆ ಕೈಯಿಟ್ಟು, ಇದ್ದಷ್ಟೂ ಹಲ್ಲು ತೋರಿಸಿ ನಗುತ್ತಿದ್ದಳು. ಸಂಗಣ್ಣ ಮಾತ್ರ ಕಲ್ಲಾಗಿ ನಿಂತಿದ್ದ.

"ಅಯ್ಯೋ... ಏನಾಯ್ತು? ಯಾಕೆ ಹಾಗೆ ನೋಡ್ತಿದೀರಿ?"

"ಅವ್ವಾ! ಏನ್ ಮಾಡಿದಿ ಇದು?" ಅವನ ಕಿವಿಯೆಲ್ಲ ಕೆಂಪಾಗಿತ್ತು. ನೀಲಾಳ ಕಡೆ ತಿರುಗಿ, ಕಣ್ಣೆತ್ತದೆ ಹೇಳಿದ. "ಈ ಬಾಗಲಾ ಮತ್ತ ಎದ್ದು ನಿಂತ ದಿನ, ಮೊದಲ ನಮ್ಮ ಮನಿ ಸೊಸಿನ ಸೇರು ಒದ್ದು ದಾಟಬೇಕು ಅಂತ ಅವ್ವನ ಹರಕಿ. ಅದಕ್ಕ... ಅದಕ್ಕ ಇಷ್ಟು ದಿನ ಮುಚ್ಚಿಟ್ಟಿದ್ದು."

ನೀಲಾ ಚೆಲ್ಲಿದ ಅಕ್ಕಿ ನೋಡಿದಳು, ತಿರುಗಿ ಹೊಸ್ತಿಲು ನೋಡಿದಳು.

"ಇದು ಲೆಕ್ಕಕ್ಕಿಲ್ರಿ," ಅವನು ಅವಸರದಿಂದ ಅಂದ. "ಗೊತ್ತಿಲ್ದ ದಾಟಿದ್ದು ದಾಟಿದ್ದಲ್ಲ. ನೀವು ಮನಸಿಗೆ ಹಚ್ಕೋಬ್ಯಾಡ್ರಿ. ನನ್ನ ಮನಸಿನಾಗ ಏನೈತಿ ಅಂತ ಅವ್ವಗ ಗೊತ್ತು. ನಿಮ್ಮ ಮನಸಿನಾಗ ಏನೈತಿ ಅಂತ ನನಗ ಗೊತ್ತಿಲ್ಲ. ಅದನ್ನ ಕೇಳೂ ಧೈರ್ಯನೂ..."

ಪೀಪೀ... ಮದುಮಗಳ ಕಾರು! ಓಲಗದವರು ಶುರು ಮಾಡಿದರು. ಅರ್ಧ ಮಾತು ಅಲ್ಲೇ ಉಳಿಯಿತು.

ಆ ದಿನ ಆ ಬಾಗಿಲಿನೊಳಗಿಂದ ಮದುಮಗಳು ಬಂದಾಗ ಸೇರಿದ್ದ ಜನವೆಲ್ಲ ಎದ್ದು ನಿಂತಿತು. ಅವಳಮ್ಮ ಆ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಅತ್ತರು. ಶಿವಾನಿ ಮೇಡಂ ನೀಲಾಳ ಬೆನ್ನು ತಟ್ಟಿ, "ಬಲೂನು ಮರೆತುಬಿಡು. ಮುಂದಿನ ಮದುವೆನೂ ನಿಂದೇ" ಎಂದರು.

ಇಷ್ಟು ದಿನ ಕಾದ ಮಾತು! ಆದರೆ ನೀಲಾಳಿಗೆ ಅದು ಸರಿಯಾಗಿ ಕೇಳಿಸಲೂ ಇಲ್ಲ. ಕಣ್ಣೆಲ್ಲ ಆ ಬಾಗಿಲ ಮೇಲೆ. 'ಗೊತ್ತಿಲ್ಲದೆ ದಾಟಿದ್ದು ದಾಟಿದ್ದಲ್ಲ... ಹಾಗಾದರೆ ಗೊತ್ತಿದ್ದು ದಾಟಿದರೆ?'

ಮಧ್ಯಾಹ್ನದ ಊಟ ಮುಗಿದು ಜನ ಕರಗಿದರು. ಸಂಗಣ್ಣ ಬಾಗಿಲಿನ ಆಸರೆ ಬಿಚ್ಚಲು ಒಳಗಡೆಯಿಂದ ಬಂದ.

"ರೀ... ಬಿಚ್ಚಬೇಡಿ."

ನೀಲಾ ಹೊರಗಡೆ ನಿಂತಿದ್ದಳು. ಹುಲ್ಲಿನಲ್ಲಿ ಚೆಲ್ಲಿದ್ದ ಅಕ್ಕಿಯನ್ನು ತಾನೇ ಆರಿಸಿ ಸೇರು ತುಂಬಿದ್ದಳು. ಅದನ್ನು ಹೊಸ್ತಿಲ ಮೇಲೆ ತಾನೇ ಇಟ್ಟಳು.

ಅವನ ಕೈಯಲ್ಲಿದ್ದ ಸುತ್ತಿಗೆ ಕೆಳಗಿಳಿಯಿತು. "ಮೇಡಂ... ಎರಡೂ ಬಾಜೂಕ ಬಯಲೈತ್ರಿ. ಸುತ್ತಿ ಹೋದ್ರೂ ಯಾರೂ ಏನೂ ಅನ್ನೂದಿಲ್ಲ. ನಾನೂ ಅನ್ನೂದಿಲ್ಲ."

"ಗೋಡೆ ಇಲ್ಲದೆ ಬಾಗಿಲು ಯಾಕೆ ಅಂತ ಮೊದಲ ದಿನ ಕೇಳಿದ್ರಲ್ಲ?"

"ಹೌದ್ರಿ."

"ಅವತ್ತು ಗೊತ್ತಿರಲಿಲ್ಲ. ಈಗ ಗೊತ್ತಾಯ್ತು." ಅವಳ ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು. "ಸುತ್ತಿ ಹೋಗೋಕೆ ಇಷ್ಟು ಜಾಗ ಇದ್ರೂ, ಬಾಗಿಲಿಂದಲೇ ಬರ್ತೀನಿ ಅನ್ನೋರು ಯಾರು ಅಂತ ತಿಳಿಯೋಕೆ."

ಸಂಗಣ್ಣ ಸುತ್ತಿಗೆಯನ್ನು ಹುಲ್ಲಿನ ಮೇಲಿಟ್ಟ. ಆಮೇಲೆ ಮೆಲ್ಲಗೆ ಅಂದ. "ನಮ್ಮದೊಂದು ಬಾಡಿಗಿ ಕೋಲಿ ನೀಲಾ. ಈ ಬಾಗಲಕ್ಕ ಇನ್ನೂ ಗ್ವಾಡಿ ಇಲ್ಲ..."

ಮೊದಲ ಸಲ ಅವನು ಹೆಸರು ಹಿಡಿದು ಕರೆದದ್ದು.

"ಗೋಡೆ ಇಬ್ಬರೂ ಸೇರಿ ಕಟ್ಟೋಣ. ಹೊಸದು ಕಟ್ಟಿ ಹಳೇದು ಮಾಡೋದು ನಮಗೆ ಬರುತ್ತಲ್ವಾ?"

ಹೊಳೆವ್ವ ಲಾಟೀನಿನ ಮರದ ಹಿಂದೆ ನಿಂತು, ಉಸಿರು ಬಿಟ್ಟರೆ ಎಲ್ಲಿ ಗಾಳಿಗೆ ಕದ ಮುಚ್ಚಿಬಿಡುತ್ತದೋ ಎಂದು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ನೀಲಾ ಚಪ್ಪಲಿ ಬಿಟ್ಟಳು. ಸೀರೆಯ ನೆರಿಗೆ ಸ್ವಲ್ಪ ಎತ್ತಿ ಹಿಡಿದಳು. ಸೇರಿನ ಮುಂದೆ ಬಂದು ನಿಂತು, ಒಮ್ಮೆ ಅವನ ಮುಖ ನೋಡಿದಳು.

ಆಮೇಲೆ?

ನನ್ನನ್ನು ಯಾಕೆ ಕೇಳುತ್ತೀರಿ? ಹುಡುಗಿ ನಿಂತ ರೀತಿ ನೀವೂ ನೋಡಿದಿರಲ್ಲ. ಆ ಅಕ್ಕಿ ಎಷ್ಟು ದೂರ ಚೆಲ್ಲಿತು... ಎಲ್ಲಿ, ಈಗ ನೀವೇ ಹೇಳಿ ನೋಡೋಣ!